ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ, ಎನ್‌ಎಂಆರ್‌ನಲ್ಲಿ ಪೀಕ್‌ಗಳೆಲ್ಲ ಜೋಡಿ ಜೋಡಿ. ಏನಿರಬಹುದು?

ಸಾವಯವಿ

ಎಲ್ಲರಿಗೂ ನಮಸ್ಕಾರ. ಬಾಕ್-ಎಲ್-ಪ್ರೋಲಿನ್‌ನಿಂದ (ನೈಟ್ರೋಜನ್ ಮೇಲೆ ಬಾಕ್ ಅನ್ನುವ ರಕ್ಷಕ ಗುಂಪು ಇರುವ ಅಮೈನೋ ಆಮ್ಲ) ಅದರ ಮೀಥೈಲ್ ಎಸ್ಟರ್ ಮಾಡಿದ್ದೇನೆ. ಡಿಎಂಎಫ್ ಅನ್ನುವ ಸಾಲ್ವೆಂಟ್‌ನಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್ ಮತ್ತು ಮೀಥೈಲ್ ಅಯೊಡೈಡ್ ಹಾಕಿ ಮಾಡಿದ್ದು. ಆಮೇಲೆ ಈಥೈಲ್ ಅಸಿಟೇಟ್‌ಗೆ ತೆಗೆದುಕೊಂಡು, ನೀರಿನಿಂದ ತೊಳೆದು, ಒಣಗಿಸಿದೆ. ಶುದ್ಧತೆ ನೋಡುವ ಟಿಎಲ್‌ಸಿಯಲ್ಲಿ (ತೆಳು ಪದರದ ಕ್ರೊಮ್ಯಾಟೋಗ್ರಫಿ) ಒಂದೇ ಚುಕ್ಕೆ. ಮಾಸ್‌ನಲ್ಲಿ (ಅಣುವಿನ ತೂಕದ ಅಳತೆ) ಸೋಡಿಯಂ ಸೇರಿದ ಅಯಾನು 252ಕ್ಕೆ ಬಂದಿದೆ, ಅದೂ ಸರಿಯೇ.

ಆದರೆ ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ಪ್ರೋಟಾನ್, ಕಾರ್ಬನ್‌ಗಳನ್ನು ಪೀಕ್‌ಗಳಾಗಿ ತೋರಿಸುವ ಅಳತೆ) 400 ಮೆಗಾಹರ್ಟ್ಸ್‌ನಲ್ಲಿ ಸಿಡಿಸಿಎಲ್3 (ಡ್ಯೂಟೀರಿಯಂ ಇರುವ ಕ್ಲೋರೋಫಾರ್ಮ್) ಹಾಕಿ ಅಳೆದರೆ ಹೀಗಿದೆ, ಅಂಕಿಗಳು ಪಿಪಿಎಂನಲ್ಲಿ. ಟರ್ಷರಿ ಬ್ಯೂಟೈಲ್ ಒಂದು ಸಿಂಗ್ಲೆಟ್ (ಒಡೆಯದ ಒಂದೇ ಪೀಕ್) ಆಗಬೇಕಿತ್ತು. ಬಂದಿರುವುದು ಎರಡು, 1.46 ಮತ್ತು 1.41ರಲ್ಲಿ, ಸುಮಾರು 4:6 ಪ್ರಮಾಣದಲ್ಲಿ. ಆಲ್ಫಾ ಪ್ರೋಟಾನ್ (ಎಸ್ಟರ್ ಹೊತ್ತ ಕಾರ್ಬನ್ ಮೇಲಿನದು) ಕೂಡ ಎರಡು ಕಡೆ: 4.32 ಮತ್ತು 4.22. ಒಟ್ಟು ಸೇರಿಸಿದರೆ ಒಂದು ಪ್ರೋಟಾನೇ ಆಗುತ್ತದೆ. 3.72ರಲ್ಲಿ ಎಸ್ಟರ್‌ನ ಮೀಥೈಲ್ ಮಾತ್ರ ಒಂದೇ ಪೀಕ್‌ನಂತೆ ಕಾಣುತ್ತದೆ. ಕಾರ್ಬನ್ ಸ್ಪೆಕ್ಟ್ರಮ್‌ನಲ್ಲಿ 9 ಪೀಕ್ ಬರಬೇಕಾದಲ್ಲಿ ಬಹುಪಾಲು ಎಲ್ಲವೂ ಜೋಡಿ.

ಇದರ ಜೊತೆ 8.02, 2.96, 2.88ರಲ್ಲಿ ಸಣ್ಣ ಪೀಕ್‌ಗಳಿವೆ. 1.56ರ ಹತ್ತಿರ ಇನ್ನೊಂದು ಸ್ವಲ್ಪ ಅಗಲವಾದದ್ದು.

ನನ್ನ ಗೈಡ್ "ರೇಸಿಮೈಸ್ ಆಗಿದೆಯಾ ನೋಡು" ಅಂದರು, ಅಂದರೆ ಎಲ್ ರೂಪದ ಜೊತೆ ಅದರ ಕನ್ನಡಿ ಬಿಂಬವಾದ ಡಿ ರೂಪವೂ ಬೆರೆತಿದೆಯಾ ಅಂತ. ಲ್ಯಾಬಿನ ಸೀನಿಯರ್ "ಶಿಮ್ ಕೆಟ್ಟಿದೆ, ಮತ್ತೆ ಹಾಕು" ಅಂತಾರೆ (ಶಿಮ್ ಅಂದರೆ ಯಂತ್ರದ ಕಾಂತಕ್ಷೇತ್ರ ಸಮ ಮಾಡುವ ಹೊಂದಾಣಿಕೆ). ಮೊದಲು ಯಾವುದನ್ನು ನೋಡಲಿ?

ಶಿಮ್‌ಗಾರ

ಮೊದಲು 7.26ರ ಪೀಕ್ ನೋಡಿ. ಅದನ್ನು ಹಿಗ್ಗಿಸಿ ನೋಡಿ. ಅದು ಸಿಡಿಸಿಎಲ್3ರಲ್ಲಿ ಉಳಿದ ಕ್ಲೋರೋಫಾರ್ಮ್. ಅದಕ್ಕೆ ನಿಮ್ಮ ರಿಯಾಕ್ಷನ್‌ನ ಹಂಗಿಲ್ಲ, ಒಂದೇ ಚೂಪಾದ ಗೆರೆಯಾಗಿ ನಿಲ್ಲಬೇಕು.

ಶಿಮ್ ಕೆಟ್ಟರೆ ಕಾಂತಕ್ಷೇತ್ರ ಇಡೀ ಟ್ಯೂಬಿಗೆ ಏರುಪೇರಾಗಿರುತ್ತದೆ. ಆಗ ಎಲ್ಲ ಪೀಕ್‌ಗೂ ಒಂದೇ ಥರದ ವಿಕಾರ ಬರುತ್ತದೆ. ಕ್ಲೋರೋಫಾರ್ಮ್, ಟಿಎಂಎಸ್ (0 ಪಿಪಿಎಂನ ಗುರುತಿನ ವಸ್ತು), ನಿಮ್ಮ ಮೀಥೈಲ್, ಎಲ್ಲದಕ್ಕೂ. ಪೀಕ್‌ನ ಒಂದೇ ಬದಿಗೆ ಬಾಲ ಬಂದಿದ್ದರೆ ಝಡ್2, ಝಡ್4 ಥರದ ಸಮ ಸಂಖ್ಯೆಯ ಶಿಮ್ ಅನುಮಾನಿಸಬೇಕು. ಎರಡೂ ಬದಿಗೆ ಸಮವಾಗಿ ಅಗಲವಾಗಿದ್ದರೆ ಝಡ್1, ಝಡ್3. ಆದರೆ ಶಿಮ್ ಎಂದೂ ಒಂದು ಪೀಕ್ ಒಡೆದು ಪಕ್ಕದ್ದನ್ನು ಬಿಡುವುದಿಲ್ಲ.

ನಿಮ್ಮ 3.72 ಒಂದೇ ಪೀಕ್ ಅಂತ ಬರೆದಿದ್ದೀರಿ. 7.26 ಕೂಡ ಹಾಗೇ ಇದ್ದರೆ ಶಿಮ್ ಮಾತು ಅಲ್ಲಿಗೆ ಮುಗಿಯಿತು.

ಸಾವಯವಿ

ನೋಡಿದೆ ಸರ್. 7.26 ಒಂದೇ ಗೆರೆ, ಚೂಪಾಗಿದೆ. ಅರ್ಧ ಎತ್ತರದಲ್ಲಿ ಅಗಲ 1 ಹರ್ಟ್ಸ್‌ಗಿಂತ ಕಡಿಮೆ.

ಕೈರಲ್_ಕಣ್ಣು

ಹಾಗಾದರೆ ಶಿಮ್ ಬಿಡಿ. ರೇಸಿಮೈಸೇಷನ್ ಬಗ್ಗೆ ಹೇಳುತ್ತೇನೆ, ಏಕೆಂದರೆ ಈ ಗೊಂದಲ ತುಂಬಾ ಜನರಿಗಿದೆ.

ನಿಮ್ಮ ಅಣುವಿನಲ್ಲಿ ಕೈರಲ್ ಕೇಂದ್ರ (ಕನ್ನಡಿ ಬಿಂಬದ ರೂಪಕ್ಕೆ ಕಾರಣವಾಗುವ ಕಾರ್ಬನ್) ಒಂದೇ. ಅದು ರೇಸಿಮೈಸ್ ಆದರೆ ಸಿಗುವುದು ಎಲ್ ಮತ್ತು ಡಿ ರೂಪಗಳ ಮಿಶ್ರಣ, ಅಂದರೆ ಎನಾನ್ಷಿಯೋಮರ್‌ಗಳು. ಸಿಡಿಸಿಎಲ್3 ಕೈರಲ್ ಅಲ್ಲ. ಅದರಲ್ಲಿ ಇವೆರಡರ ಸ್ಪೆಕ್ಟ್ರಮ್ ಒಂದೇ. ಪೂರ್ತಿ ರೇಸಿಮೈಸ್ ಆಗಿದ್ದರೂ ಪೀಕ್ ಜೋಡಿಯಾಗುವುದಿಲ್ಲ. ಅಂದಮೇಲೆ ಈ ಜೋಡಿ ಪೀಕ್‌ಗಳು ರೇಸಿಮೈಸೇಷನ್‌ನ ಸಾಕ್ಷಿ ಅಲ್ಲ. ಹಾಗಂತ ಅದು ಆಗಿಲ್ಲ ಅನ್ನುವುದಕ್ಕೂ ಸಾಕ್ಷಿ ಅಲ್ಲ. ಅದನ್ನು ತಿಳಿಯಲು ಕೈರಲ್ ಎಚ್‌ಪಿಎಲ್‌ಸಿ (ಎರಡು ರೂಪಗಳನ್ನು ಬೇರ್ಪಡಿಸುವ ಕಾಲಮ್ ವಿಧಾನ) ಅಥವಾ ಆಪ್ಟಿಕಲ್ ರೊಟೇಷನ್ ಕಡೆಗೇ ಹೋಗಬೇಕು.

ಎರಡು ಕೈರಲ್ ಕೇಂದ್ರ ಇದ್ದಿದ್ದರೆ ಮಾತು ಬೇರೆ. ಆಗ ಒಂದು ಕೇಂದ್ರ ತಿರುಗಿದರೆ ಡಯಾಸ್ಟೀರಿಯೋಮರ್ (ಕನ್ನಡಿ ಬಿಂಬವಲ್ಲದ ಬೇರೆ ರೂಪ) ಹುಟ್ಟುತ್ತದೆ, ಪೀಕ್ ನಿಜಕ್ಕೂ ಜೋಡಿಯಾಗುತ್ತದೆ. ಮುಂದೆ ಇದೇ ಪ್ರೋಲಿನ್‌ಗೆ ಇನ್ನೊಂದು ಕೈರಲ್ ಅಮೀನ್ ಜೋಡಿಸುವ ಯೋಚನೆ ಇದ್ದರೆ ಇದು ನೆನಪಿರಲಿ.

ಸಾವಯವಿ

ಹೌದು ಮೇಡಂ, ಮುಂದಿನ ಹೆಜ್ಜೆ ಅದೇ! ಅದಕ್ಕೇ ಭಯ. ಈಗಲೇ ಇದು ಗೊತ್ತಾಗದಿದ್ದರೆ ಆಗ ಇನ್ನೂ ಕಷ್ಟ ಅಲ್ವಾ?

ನಿಧಾನಗತಿ

ಉತ್ತರ ನಿಮ್ಮ ಟ್ಯೂಬಿನಲ್ಲೇ ಇದೆ. ಅದನ್ನು ನೀವು ಸಣ್ಣ ಪೀಕ್‌ಗಳು ಅಂತ ಬರೆದಿದ್ದೀರಿ.

8.02, 2.96, 2.88: ಈ ಮೂರೂ ಡಿಎಂಎಫ್. ತೊಳೆದದ್ದು ಸಾಲದೆ ಸ್ವಲ್ಪ ಉಳಿದಿದೆ. ಈಗ ಡಿಎಂಎಫ್‌ನ ರಚನೆ ಬರೆದು ನೋಡಿ. ಒಂದೇ ನೈಟ್ರೋಜನ್ ಮೇಲೆ ಎರಡು ಮೀಥೈಲ್. ಸುಮ್ನೆ ನೋಡಿದರೆ ಎರಡೂ ಒಂದೇ, ಒಂದೇ ಪೀಕ್ ಕೊಡಬೇಕು. ಆದರೂ 2.96 ಮತ್ತು 2.88ರಲ್ಲಿ ಬೇರೆ ಬೇರೆ ನಿಂತಿವೆ. ಯಾಕೆ? ನೈಟ್ರೋಜನ್‌ನ ಒಂಟಿ ಜೋಡಿ ಎಲೆಕ್ಟ್ರಾನ್ ಕಾರ್ಬೊನಿಲ್ ಕಡೆಗೆ ವಾಲಿರುತ್ತದೆ. ಹಾಗಾಗಿ ನಡುವಿನ ಸಿ-ಎನ್ ಬಂಧಕ್ಕೆ ಅರ್ಧ ಡಬಲ್ ಬಾಂಡ್‌ನ ಗುಣ ಬರುತ್ತದೆ. ಅದು ಸಲೀಸಾಗಿ ತಿರುಗುವುದಿಲ್ಲ. ಒಂದು ಮೀಥೈಲ್ ಆಕ್ಸಿಜನ್‌ನ ಬದಿಗೆ, ಇನ್ನೊಂದು ಹೈಡ್ರೋಜನ್‌ನ ಬದಿಗೆ ಸಿಕ್ಕಿಕೊಂಡಿರುತ್ತದೆ.

ನಿಮ್ಮ ಬಾಕ್ ಗುಂಪಿನಲ್ಲೂ ಅದೇ ಜೋಡಣೆ ಇದೆ: ನೈಟ್ರೋಜನ್, ಅದರ ಪಕ್ಕ ಕಾರ್ಬೊನಿಲ್. ಪ್ರೋಲಿನ್‌ನ ಉಂಗುರದಲ್ಲಿ ನೈಟ್ರೋಜನ್‌ನ ಎರಡು ಬದಿ ಒಂದೇ ಥರ ಇಲ್ಲ. ಒಂದು ಬದಿಗೆ ಎಸ್ಟರ್ ಹೊತ್ತ ಕಾರ್ಬನ್, ಇನ್ನೊಂದು ಬದಿಗೆ ಬರೀ ಸಿಎಚ್2. ಆದ್ದರಿಂದ ಬಾಕ್‌ನ ಕಾರ್ಬೊನಿಲ್ ಯಾವ ಬದಿಗೆ ಮುಖ ಮಾಡಿದೆ ಅನ್ನುವುದರ ಮೇಲೆ ಎರಡು ಬೇರೆ ರೂಪ. ಇವೇ ರೋಟಮರ್‌ಗಳು. ಎರಡರ ಶಕ್ತಿ ತುಸು ಬೇರೆ, ಅದಕ್ಕೇ 1:1 ಬದಲು 4:6.

1.56 ನೀರು. ಸಿಡಿಸಿಎಲ್3ರಲ್ಲಿ ನೀರು ಅಲ್ಲೇ ಬರುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅದು ಟರ್ಷರಿ ಬ್ಯೂಟೈಲ್‌ನ ಪಕ್ಕದಲ್ಲೇ ಇರುವುದರಿಂದ ಇಂಟಿಗ್ರೇಷನ್ (ಪೀಕ್‌ನ ವಿಸ್ತೀರ್ಣದಿಂದ ಪ್ರೋಟಾನ್ ಎಣಿಸುವುದು) ಮಾಡುವಾಗ ಅದನ್ನು ಒಳಗೆ ಸೇರಿಸಿಕೊಳ್ಳಬೇಡಿ.

ಸಾವಯವಿ

ಓಹ್! ಡಿಎಂಎಫ್ ಈ ಥರ ಉದಾಹರಣೆ ಆಗುತ್ತೆ ಅಂತ ಹೊಳೆದಿರಲಿಲ್ಲ. ಗೈಡ್‌ಗೆ ಹೇಳಬೇಕಾದರೆ "ರೋಟಮರ್ ಇರಬಹುದು" ಅಂದರೆ ಸಾಲದು. ತೋರಿಸುವುದು ಹೇಗೆ?

ಶಿಮ್‌ಗಾರ

ಬಿಸಿ ಮಾಡಿ ಅಳೆಯಿರಿ. ರೋಟಮರ್ ಆದರೆ ಬಿಸಿ ಏರಿದಂತೆ ಬಂಧ ಬೇಗ ಬೇಗ ತಿರುಗುತ್ತದೆ, ಎರಡು ಪೀಕ್ ಅಗಲವಾಗಿ, ಕೂಡಿ, ಕೊನೆಗೆ ಒಂದೇ ಆಗುತ್ತದೆ. ಫ್ಯಾನ್ ಜೋರಾದಾಗ ರೆಕ್ಕೆಗಳು ಬೇರೆ ಬೇರೆ ಕಾಣದೆ ಒಂದೇ ತಟ್ಟೆಯಂತೆ ಕಾಣುತ್ತವಲ್ಲ, ಹಾಗೆ. ಡಯಾಸ್ಟೀರಿಯೋಮರ್ ಅಥವಾ ಕಲ್ಮಶ ಆಗಿದ್ದರೆ ಎಷ್ಟೇ ಬಿಸಿ ಮಾಡಿದರೂ ಒಂದಾಗುವುದಿಲ್ಲ.

ಆದರೆ ಸಿಡಿಸಿಎಲ್3ರಲ್ಲಿ ಇದನ್ನು ಮಾಡಬೇಡಿ. ಅದು ಸುಮಾರು 61 ಡಿಗ್ರಿಗೇ ಕುದಿಯುತ್ತದೆ. ಮುಚ್ಚಿದ ಟ್ಯೂಬ್ ಪ್ರೋಬ್‌ನೊಳಗೆ ಸಿಡಿದರೆ ಆಗುವ ನಷ್ಟ ದೊಡ್ಡದು. ಡ್ಯೂಟೀರಿಯಂ ಇರುವ ಡಿಎಂಎಸ್‌ಒ ತೆಗೆದುಕೊಳ್ಳಿ. 80, 90 ಡಿಗ್ರಿಗೆ ಆರಾಮಾಗಿ ನಿಲ್ಲುತ್ತದೆ. ಪ್ರೋಬ್‌ನ ಮಿತಿ ಎಷ್ಟು ಅಂತ ಉಪಕರಣ ನೋಡಿಕೊಳ್ಳುವವರನ್ನು ಕೇಳದೆ ಕೈ ಹಾಕಬೇಡಿ. ಪ್ರತಿ ಹಂತದಲ್ಲೂ ತಾಪ ನಿಂತ ಮೇಲೆ ಮತ್ತೆ ಶಿಮ್ ಮಾಡಿ. ಇಲ್ಲದಿದ್ದರೆ ಶಿಮ್ ಕೆಟ್ಟು ಅಗಲವಾದದ್ದನ್ನು ರೋಟಮರ್ ಕೂಡುತ್ತಿದೆ ಅಂದುಕೊಳ್ಳುವ ಅಪಾಯ ಇದೆ.

ನಿಧಾನಗತಿ

ಶಿಮ್‌ಗಾರರು ಹೇಳಿದ್ದು ಸರಿ. ಆದರೆ ನಾನಾದರೆ ಮೊದಲು ಕೋಣೆಯ ತಾಪದಲ್ಲೇ ಎಕ್ಸ್‌ಚೇಂಜ್ (ಒಂದು ರೂಪ ಇನ್ನೊಂದಕ್ಕೆ ಬದಲಾಗುವುದು) ನೋಡುತ್ತೇನೆ. ಅದಕ್ಕೆ ಸ್ಯಾಂಪಲ್ ಬದಲಿಸುವುದೂ ಬೇಡ.

ಸಾಮಾನ್ಯ ನೋಸಿ ಪ್ರಯೋಗವೇ (ಯಾವ ಪ್ರೋಟಾನ್‌ಗೆ ಯಾವುದರ ನಂಟಿದೆ ಅಂತ ನಕ್ಷೆಯಲ್ಲಿ ತೋರಿಸುವ ಅಳತೆ) ಸಾಕು. 4.32 ಮತ್ತು 4.22ರ ನಡುವೆ ಕ್ರಾಸ್ ಪೀಕ್ ಬರುತ್ತದಾ ನೋಡಿ. ಬಂದರೆ ಅದರ ಚಿಹ್ನೆ ಮುಖ್ಯ. ಇಂಥ ಸಣ್ಣ ಅಣುವಿನಲ್ಲಿ ನಿಜವಾದ ಎನ್‌ಒಇ (ಹತ್ತಿರದ ಪ್ರೋಟಾನ್‌ಗಳು ಒಂದರ ಮೇಲೊಂದು ಬೀರುವ ಪ್ರಭಾವ) ಕ್ರಾಸ್ ಪೀಕ್ ಡಯಾಗನಲ್‌ಗೆ ವಿರುದ್ಧ ಚಿಹ್ನೆಯಲ್ಲಿರುತ್ತದೆ. ಒಂದು ರೂಪ ಇನ್ನೊಂದಕ್ಕೆ ಬದಲಾಗುತ್ತಿದ್ದರೆ ಕ್ರಾಸ್ ಪೀಕ್ ಡಯಾಗನಲ್‌ನ ಚಿಹ್ನೆಯಲ್ಲೇ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಎರಡಕ್ಕೂ ಬೇರೆ ಬಣ್ಣ ಇರುತ್ತದೆ, ಒಂದು ನೋಟಕ್ಕೆ ಗೊತ್ತಾಗುತ್ತದೆ. ಎರಡು ಬೇರೆ ಬೇರೆ ವಸ್ತುಗಳ ನಡುವೆ ಹೀಗೆ ಆಗಲು ಸಾಧ್ಯವಿಲ್ಲ.

ಬಿಸಿ ಮಾಡುವುದಾದರೆ ಒಂದು ವಿಷಯ ಗಮನಿಸಿ. ಎಲ್ಲ ಜೋಡಿಗಳೂ ಒಂದೇ ತಾಪದಲ್ಲಿ ಕೂಡುವುದಿಲ್ಲ. ಎರಡು ಪೀಕ್ ಸಮ ಪ್ರಮಾಣದಲ್ಲಿದ್ದರೆ, ಅವು ಕೂಡುವ ಗಳಿಗೆಯಲ್ಲಿ ತಿರುಗುವ ವೇಗ ಸುಮಾರು 2.22 ಗುಣಿಸು ಅವುಗಳ ನಡುವಿನ ಅಂತರ, ಅಂತರ ಹರ್ಟ್ಸ್‌ನಲ್ಲಿ. ನಿಮ್ಮದು 4:6 ಆದರೂ ಅಂದಾಜಿಗೆ ಸಾಕು. ಈಗಿನ ಅಂಕಿ ಇಟ್ಟುಕೊಂಡರೆ ಟರ್ಷರಿ ಬ್ಯೂಟೈಲ್‌ನ ಅಂತರ 0.05 ಪಿಪಿಎಂ, ಅಂದರೆ 400ರಲ್ಲಿ 20 ಹರ್ಟ್ಸ್. ಸೆಕೆಂಡಿಗೆ ಸುಮಾರು 44 ಸಲ ತಿರುಗಿದರೆ ಕೂಡುತ್ತದೆ. ಆಲ್ಫಾ ಪ್ರೋಟಾನ್‌ದು 40 ಹರ್ಟ್ಸ್, ಅದಕ್ಕೆ ಸುಮಾರು 89 ಬೇಕು. ಹಾಗಾಗಿ ಒಂದು ಜೋಡಿ ಕೂಡಿ ಇನ್ನೊಂದು ಕೂಡದಿದ್ದರೆ ಗಾಬರಿ ಬೇಡ. ಇದೇ ಕಾರಣಕ್ಕೆ 600 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಜಾಸ್ತಿ ಬಿಸಿ ಬೇಕಾಗುತ್ತದೆ.

ಬಿಸಿ ಮಾಡಿ ಮುಗಿದ ಮೇಲೆ ತಣ್ಣಗಾಗಲು ಬಿಟ್ಟು ಮತ್ತೊಮ್ಮೆ ಅಳೆಯಿರಿ. ಇದನ್ನು ಬಿಡಲೇಬೇಡಿ. ಜೋಡಿ ವಾಪಸ್ ಬಂದರೆ ಮಾತ್ರ ಅದು ರೋಟಮರ್. ವಾಪಸ್ ಬರದಿದ್ದರೆ ನಿಮ್ಮ ವಸ್ತು ಬಿಸಿಗೆ ಬೇರೇನೋ ಆಗಿದೆ ಅಂತ ಅರ್ಥ.

ಅಲ್ಡಿಹೈಡ್_ಆಸಕ್ತ

ನಡುವೆ ಬಂದು ಕೇಳುತ್ತಿದ್ದೇನೆ, ಇದಕ್ಕೆ ಹತ್ತಿರದ ವಿಷಯ. ನನ್ನ ಅಲ್ಡಿಹೈಡ್ ಪ್ರೋಟಾನ್ 9.9ರಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಇಂಟಿಗ್ರೇಷನ್ 1 ಬರಬೇಕಾದಲ್ಲಿ 0.8ರ ಸುತ್ತ. ಕಾಲಮ್ ಮಾಡಿದರೂ ಅಷ್ಟೇ. ಅರ್ಧಂಬರ್ಧ ಆಕ್ಸಿಡೈಸ್ ಆಗಿದೆಯಾ?

ಶಿಮ್‌ಗಾರ

ಪಲ್ಸ್ ಎಷ್ಟು ಡಿಗ್ರಿ, ಎರಡು ಸ್ಕ್ಯಾನ್ ನಡುವಿನ ಕಾಯುವ ಸಮಯ ಎಷ್ಟು ಅಂತ ಹೇಳಿ.

ಅಲ್ಡಿಹೈಡ್_ಆಸಕ್ತ

90 ಡಿಗ್ರಿ, 1 ಸೆಕೆಂಡ್.

ಶಿಮ್‌ಗಾರ

ಅದೇ ಕಾರಣ ಅನ್ನಿಸುತ್ತದೆ. ಪಲ್ಸ್ ಕೊಟ್ಟ ಮೇಲೆ ಪ್ರೋಟಾನ್ ತನ್ನ ಮೊದಲಿನ ಸ್ಥಿತಿಗೆ ಮರಳಲು ಸಮಯ ಬೇಕು. ಆ ಸಮಯವನ್ನು ಟಿ1 ಅಂತ ಅಳೆಯುತ್ತಾರೆ. 90 ಡಿಗ್ರಿ ಪಲ್ಸ್ ಆದ ಮೇಲೆ ಟಿ1ರ 5 ಪಟ್ಟು ಕಾದರೆ 99 ಶೇಕಡಾ ಮರಳುತ್ತದೆ. ಸುತ್ತಮುತ್ತ ಬೇರೆ ಪ್ರೋಟಾನ್ ಕಡಿಮೆ ಇರುವ ಒಂಟಿ ಪ್ರೋಟಾನ್‌ಗಳು ನಿಧಾನ. ಅಲ್ಡಿಹೈಡ್, ಕೆಲವು ಅರೋಮ್ಯಾಟಿಕ್ ಪ್ರೋಟಾನ್‌ಗಳು ಹೀಗೆ. ಸಿಎಚ್2 ಪ್ರೋಟಾನ್‌ಗಳು ಬೇಗ ಮರಳುತ್ತವೆ. ನೀವು ಬೇಗ ಬೇಗ ಪಲ್ಸ್ ಕೊಟ್ಟರೆ ನಿಧಾನದವು ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಪಲ್ಸ್ ಬೀಳುತ್ತದೆ. ಅವುಗಳ ಪೀಕ್ ಚಿಕ್ಕದಾಗುತ್ತದೆ.

ಕಾಯುವ ಸಮಯ 20 ಅಥವಾ 30 ಸೆಕೆಂಡ್ ಇಟ್ಟು ಕೆಲವೇ ಸ್ಕ್ಯಾನ್ ತೆಗೆದು ನೋಡಿ. 0.8 ಮೇಲೆ ಏರಿದರೆ ವಸ್ತು ಸರಿ ಇದೆ. ದಿನನಿತ್ಯದ ಅಳತೆಗೆ 30 ಡಿಗ್ರಿ ಪಲ್ಸ್ ಇಟ್ಟರೂ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಫೇಸ್ ಮತ್ತು ಬೇಸ್‌ಲೈನ್ ಸರಿ ಮಾಡದೆ ಇಂಟಿಗ್ರೇಷನ್ ಮಾತ್ರ ನಂಬಬೇಡಿ.

ತಾಮ್ರದ_ತಕರಾರು

ನನ್ನದೂ ಒಂದು. ತಾಮ್ರ ಬಳಸುವ ಕ್ಲಿಕ್ ರಿಯಾಕ್ಷನ್‌ನಲ್ಲಿ ಟ್ರೈಯಝೋಲ್ ಮಾಡಿದ್ದೇನೆ. ಉಳಿದ ಪೀಕ್‌ಗಳೆಲ್ಲ ಚೆನ್ನಾಗಿವೆ. ಟ್ರೈಯಝೋಲ್‌ನ ಸಿಎಚ್ ಮತ್ತು ಅದರ ಪಕ್ಕದ ಸಿಎಚ್2 ಮಾತ್ರ ದಿಬ್ಬದ ಹಾಗೆ ಅಗಲ. ಕ್ಲೋರೋಫಾರ್ಮ್ ಪೀಕ್ ಚೂಪಾಗಿದೆ. ಇದೂ ರೋಟಮರಾ?

ನಿಧಾನಗತಿ

ಇಲ್ಲಿ ಬಾಕ್ ಅಥವಾ ಅಮೈಡ್ ಇಲ್ಲದಿದ್ದರೆ ನನ್ನ ಅನುಮಾನ ತಾಮ್ರದ ಮೇಲೆ. ತಾಮ್ರ(2) ಪ್ಯಾರಾಮ್ಯಾಗ್ನೆಟಿಕ್, ಜೋಡಿಯಿಲ್ಲದ ಎಲೆಕ್ಟ್ರಾನ್ ಇದೆ. ಟ್ರೈಯಝೋಲ್‌ನ ನೈಟ್ರೋಜನ್‌ಗೆ ಅಂಟಿಕೊಂಡರೆ ಹತ್ತಿರದ ಪ್ರೋಟಾನ್‌ಗಳು ಅತಿ ಬೇಗ ರಿಲ್ಯಾಕ್ಸ್ ಆಗಿ ಪೀಕ್ ಅಗಲವಾಗುತ್ತದೆ. ದೂರದವಕ್ಕೆ ಅಷ್ಟು ತಾಗುವುದಿಲ್ಲ. ಕಣ್ಣಿಗೆ ಬಣ್ಣ ಕಾಣದಷ್ಟು ತಾಮ್ರ ಇದ್ದರೂ ಸಾಕು.

ಲೋಹ ಹಿಡಿದುಕೊಳ್ಳುವ ಇಡಿಟಿಎ ದ್ರಾವಣದಿಂದ ಅಥವಾ ಅಮೋನಿಯಾ ನೀರಿನಿಂದ ತೊಳೆದು ಮತ್ತೆ ಅಳೆಯಿರಿ. ಪೀಕ್ ಚೂಪಾದರೆ ಕಾರಣ ಅದೇ.

ಸಾವಯವಿ

ಇನ್ನೊಂದು ಸಣ್ಣ ಪ್ರಶ್ನೆ. ಇದೇ ಸಿಡಿಸಿಎಲ್3 ಟ್ಯೂಬನ್ನು ಹಾಗೇ ಇಟ್ಟು ಆಮೇಲೆ ಎಕ್ಸ್‌ಚೇಂಜ್ ಪ್ರಯೋಗ ಮಾಡಬಹುದಾ?

ಕೈರಲ್_ಕಣ್ಣು

ಹೊಸದಾಗಿ ಮಾಡಿಕೊಳ್ಳಿ. ಹಳೆಯ ಸಿಡಿಸಿಎಲ್3 ಬೆಳಕು, ಗಾಳಿ ತಾಗಿ ಆಸಿಡ್ ಆಗುತ್ತಾ ಹೋಗುತ್ತದೆ. ನಿಮ್ಮ ಬಾಕ್‌ಗೆ ಅಷ್ಟು ಸ್ವಲ್ಪ ಆಸಿಡ್‌ನಿಂದ ಬೇಗ ಏನೂ ಆಗಲಿಕ್ಕಿಲ್ಲ. ಆದರೆ ಅಸಿಟಾಲ್, ಸಿಲೈಲ್ ಈಥರ್ ಇರುವವರ ವಸ್ತು ಟ್ಯೂಬಿನಲ್ಲೇ ಒಡೆದುಹೋಗುತ್ತದೆ. ಅಮೀನ್ ಆದರೆ ಪ್ರೋಟಾನ್ ಹಿಡಿದು ಪೀಕ್‌ಗಳೆಲ್ಲ ಬೇರೆ ಜಾಗಕ್ಕೆ ಸರಿಯುತ್ತವೆ. "ಬೆಳಿಗ್ಗೆ ಸರಿ ಇತ್ತು, ಸಂಜೆ ಹೊಸ ಪೀಕ್ ಬಂತು" ಅನ್ನುವವರು ಮೊದಲು ಸಾಲ್ವೆಂಟ್ ನೋಡಬೇಕು. ಬೇಸಿಕ್ ಅಲ್ಯುಮಿನಾ ಮೂಲಕ ಸೋಸಿಕೊಂಡರೆ ಆಸಿಡ್ ಹೋಗುತ್ತದೆ.

ಬೋರಾನ್_ಬಳಗ

ಎಲ್ಲರೂ ಜಾಸ್ತಿ ಪೀಕ್ ಬಂದದ್ದನ್ನು ಹೇಳುತ್ತಿದ್ದೀರಿ. ನನ್ನದು ಕಡಿಮೆ. ಫಿನೈಲ್ ಬೋರೋನಿಕ್ ಆಸಿಡ್‌ನ ಕಾರ್ಬನ್ ಸ್ಪೆಕ್ಟ್ರಮ್‌ನಲ್ಲಿ 4 ಅರೋಮ್ಯಾಟಿಕ್ ಪೀಕ್ ಬೇಕು, 3 ಮಾತ್ರ ಬಂದಿವೆ. ರಾತ್ರಿಯಿಡೀ ಓಡಿಸಿದರೂ ನಾಲ್ಕನೆಯದು ಇಲ್ಲ.

ನಿಧಾನಗತಿ

ಕಾಣೆಯಾದದ್ದು ಬೋರಾನ್‌ಗೆ ನೇರ ಅಂಟಿದ ಕಾರ್ಬನ್. ಬೋರಾನ್-11ರ ಸ್ಪಿನ್ 3/2, ಅದು ಕ್ವಾಡ್ರುಪೋಲಾರ್ ನ್ಯೂಕ್ಲಿಯಸ್. ಅದರ ಜೊತೆಗಿನ ಕಪ್ಲಿಂಗ್ ಮತ್ತು ಅದರ ವೇಗದ ರಿಲ್ಯಾಕ್ಸೇಷನ್ ಸೇರಿ ಪಕ್ಕದ ಕಾರ್ಬನ್ ಗೆರೆ ಬೇಸ್‌ಲೈನ್‌ನಲ್ಲಿ ಹರಡಿ ಹೋಗುತ್ತದೆ. ಸ್ಕ್ಯಾನ್ ಹೆಚ್ಚಿಸಿ ಕೂತರೆ ಉಪಕರಣದ ಸಮಯ ವ್ಯರ್ಥ. ಎಚ್‌ಎಂಬಿಸಿಯಲ್ಲಿ (ದೂರದ ಪ್ರೋಟಾನ್ ಮೂಲಕ ಕಾರ್ಬನ್ ಕಾಣಿಸುವ ಪ್ರಯೋಗ) ಕೆಲವೊಮ್ಮೆ ಸಿಗುತ್ತದೆ. ಸಿಗದಿದ್ದರೆ "ಬೋರಾನ್‌ಗೆ ಅಂಟಿದ ಕಾರ್ಬನ್ ಕಾಣಿಸಲಿಲ್ಲ" ಅಂತ ಬರೆದರೆ ಸಾಕು, ಎಲ್ಲರೂ ಹಾಗೇ ಬರೆಯುತ್ತಾರೆ.

ಬೋರಾನ್ ಸ್ಪೆಕ್ಟ್ರಮ್ ತೆಗೆಯುವಾಗ ಅಗಲವಾದ ದಿಬ್ಬ ಕಂಡರೆ ಅದು ಟ್ಯೂಬಿನ ಬೋರೋಸಿಲಿಕೇಟ್ ಗಾಜಿನದು. ಕ್ವಾರ್ಟ್ಝ್ ಟ್ಯೂಬ್ ಬಳಸಿದರೆ ಬಹಳ ಕಡಿಮೆಯಾಗುತ್ತದೆ.

ಕಾಂತ_ಇತಿಹಾಸ

ಈ ಚರ್ಚೆ ಓದುವಾಗ ಒಂದು ಹೇಳಬೇಕೆನಿಸಿತು. 1950ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಕ್ಟರ್ ಮತ್ತು ಯು ಅನ್ನುವ ಇಬ್ಬರು ನೈಟ್ರೋಜನ್-14ರ ಕಾಂತೀಯ ಮೊಮೆಂಟ್ ಅಳೆಯಲು ಹೊರಟಿದ್ದರು. ನೀರಿನಲ್ಲಿ ಕರಗಿಸಿದ ಅಮೋನಿಯಂ ನೈಟ್ರೇಟ್ ತೆಗೆದುಕೊಂಡರು. ಒಂದು ನ್ಯೂಕ್ಲಿಯಸ್‌ಗೆ ಒಂದು ಸಿಗ್ನಲ್ ಬರಬೇಕು. ಬಂದದ್ದು ಎರಡು. ಒಂದು ಅಮೋನಿಯಂನ ನೈಟ್ರೋಜನ್, ಇನ್ನೊಂದು ನೈಟ್ರೇಟ್‌ನದು. ನಾವು ಈಗ ದಿನಾ ಬಳಸುವ ಕೆಮಿಕಲ್ ಶಿಫ್ಟ್ ಕಂಡದ್ದು ಹೀಗೆ. ಮರುವರ್ಷ ಅರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಥನಾಲ್‌ನಲ್ಲಿ ಸಿಎಚ್3, ಸಿಎಚ್2, ಒಎಚ್‌ಗೆ ಮೂರು ಬೇರೆ ಸಿಗ್ನಲ್ ತೋರಿಸಿದರು. ಅವರಲ್ಲಿ ಧರ್ಮಟ್ಟಿಯವರು ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಕೆಲಸ ಕಟ್ಟಿದರು.

ಸಾವಯವಿ

ಫಲಿತಾಂಶ ಬಂತು!

ನೋಸಿಯಲ್ಲಿ 4.32 ಮತ್ತು 4.22ರ ನಡುವೆ ಕ್ರಾಸ್ ಪೀಕ್ ಇದೆ, ಡಯಾಗನಲ್‌ನ ಬಣ್ಣದಲ್ಲೇ. ಟರ್ಷರಿ ಬ್ಯೂಟೈಲ್‌ನ ಎರಡು ಪೀಕ್ ಡಯಾಗನಲ್‌ಗೆ ತೀರಾ ಹತ್ತಿರ, ಅಲ್ಲಿ ಸ್ಪಷ್ಟವಾಗಿ ಹೇಳಲಾಗದು.

ಡಿಎಂಎಸ್‌ಒದಲ್ಲಿ 25 ಡಿಗ್ರಿಗೆ ಜೋಡಿ ಹಾಗೇ ಇದೆ, ಆದರೆ ಪ್ರಮಾಣ ಸಿಡಿಸಿಎಲ್3ರ ಹಾಗಿಲ್ಲ. 50ಕ್ಕೆ ಎರಡೂ ಅಗಲವಾದವು. 80ಕ್ಕೆ ಟರ್ಷರಿ ಬ್ಯೂಟೈಲ್ ಒಂದೇ ಸಿಂಗ್ಲೆಟ್, ಆಲ್ಫಾ ಪ್ರೋಟಾನ್ ಒಂದೇ ಕಡೆ. ಆದರೆ ಡಿಎಂಎಫ್‌ನ ಎರಡು ಮೀಥೈಲ್, 2.89 ಮತ್ತು 2.73ರ ಹತ್ತಿರದವು, ಬೇರೆ ಬೇರೆಯಾಗೇ ಉಳಿದವು. ತಣ್ಣಗಾದ ಮೇಲೆ ಜೋಡಿ ವಾಪಸ್ ಬಂತು. 3.33ರಲ್ಲಿದ್ದ ಪೀಕ್ ಬಿಸಿಯಾದಂತೆ ಎಡದಿಂದ ಬಲಕ್ಕೆ ಸರಿಯಿತು. ಇವೆರಡು ಯಾಕೆ ಹಾಗೆ?

ನಿಧಾನಗತಿ

ತುಂಬಾ ಚೆನ್ನಾಗಿ ಮಾಡಿದ್ದೀರಿ. ಸಾಲ್ವೆಂಟ್ ಬದಲಾದಾಗ ಪ್ರಮಾಣವೂ ಬದಲಾದದ್ದು ಇನ್ನೊಂದು ಸಾಕ್ಷಿ. ಡಯಾಸ್ಟೀರಿಯೋಮರ್‌ಗಳ ಪ್ರಮಾಣ ಸಾಲ್ವೆಂಟ್ ಬದಲಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ.

ಡಿಎಂಎಫ್ ಅಮೈಡ್, ನಿಮ್ಮದು ಕಾರ್ಬಮೇಟ್. ಕಾರ್ಬಮೇಟ್‌ನಲ್ಲಿ ಇನ್ನೊಂದು ಆಕ್ಸಿಜನ್ ಕೂಡ ಕಾರ್ಬೊನಿಲ್‌ಗೆ ಎಲೆಕ್ಟ್ರಾನ್ ಕೊಡುತ್ತದೆ. ನೈಟ್ರೋಜನ್ ಅಷ್ಟು ಕೊಡಬೇಕಾಗಿಲ್ಲ. ಸಿ-ಎನ್ ಬಂಧದ ಬಿಗಿ ಸ್ವಲ್ಪ ಸಡಿಲ, ಕಡಿಮೆ ಬಿಸಿಗೇ ತಿರುಗುತ್ತದೆ. ಡಿಎಂಎಫ್ ಕೂಡಬೇಕಾದರೆ 100 ಡಿಗ್ರಿ ದಾಟಬೇಕು.

ಸರಿದದ್ದು ನೀರು. ಬಿಸಿಗೆ ಅದರ ಹೈಡ್ರೋಜನ್ ಬಾಂಡ್ ಸಡಿಲವಾಗುತ್ತದೆ, ಪೀಕ್ ಕಡಿಮೆ ಪಿಪಿಎಂ ಕಡೆಗೆ ಹೋಗುತ್ತದೆ. ಒಎಚ್, ಎನ್‌ಎಚ್ ಪೀಕ್‌ಗಳೂ ಹೀಗೇ ಜಾಗ ಬದಲಿಸುತ್ತವೆ.

ಸಾವಯವಿ

ಪ್ರಬಂಧದಲ್ಲಿ ಹೇಗೆ ಬರೆಯಲಿ? 80 ಡಿಗ್ರಿಯದ್ದು ನೋಡಲು ಚೆಂದ, ಅದನ್ನೇ ಹಾಕಲಾ?

ಕೈರಲ್_ಕಣ್ಣು

ಎರಡನ್ನೂ ಹಾಕಿ. ಸಿಡಿಸಿಎಲ್3, 25 ಡಿಗ್ರಿಯ ಅಂಕಿಗಳನ್ನು ಪೂರ್ತಿ ಕೊಟ್ಟು "ರೋಟಮರ್‌ಗಳ ಮಿಶ್ರಣ, ಸುಮಾರು 4:6" ಅಂತ ಸ್ಪಷ್ಟವಾಗಿ ಬರೆಯಿರಿ. ಟರ್ಷರಿ ಬ್ಯೂಟೈಲ್ ಅನ್ನು 1.46ಕ್ಕೆ 3.6 ಪ್ರೋಟಾನ್, 1.41ಕ್ಕೆ 5.4 ಪ್ರೋಟಾನ್ ಅಂತ ಬಿಡಿಸಿ ಬರೆಯಬಹುದು. ಒಟ್ಟು 9 ಆಗುತ್ತದೆ. ಕಾರ್ಬನ್‌ನಲ್ಲಿ ಎರಡೂ ರೂಪದ ಪೀಕ್‌ಗಳನ್ನು ಕೊಡಿ, ಚಿಕ್ಕದನ್ನು ಬಿಡಬೇಡಿ. ಅದರ ಕೆಳಗೆ 80 ಡಿಗ್ರಿಯ ಅಂಕಿ, ಸಾಲ್ವೆಂಟ್ ಹೆಸರು ಸಮೇತ. ಬಿಸಿ ಮಾಡಿದ ಸ್ಪೆಕ್ಟ್ರಮ್ ಒಂದನ್ನೇ ಹಾಕಿದರೆ, ಇದೇ ವಸ್ತು ಮಾಡಿ ಕೋಣೆಯ ತಾಪದಲ್ಲಿ ಅಳೆಯುವ ಮುಂದಿನವರು ನಿಮ್ಮ ಅಂಕಿಯೊಂದಿಗೆ ಹೋಲಿಸಲು ಆಗುವುದಿಲ್ಲ.

ಮುಂದಿನ ಕಪ್ಲಿಂಗ್‌ಗೆ (ಅಮೀನ್ ಜೋಡಿಸುವ ಹೆಜ್ಜೆಗೆ) ಹೋಗುವ ಮೊದಲು ಆ ಡಿಎಂಎಫ್ ತೆಗೆಯಿರಿ. ಈಥೈಲ್ ಅಸಿಟೇಟ್ ಪದರವನ್ನು ಉಪ್ಪುನೀರಿನಿಂದ ಇನ್ನೂ ಕೆಲವು ಸಲ ತೊಳೆದರೆ ಹೋಗುತ್ತದೆ. ಕಪ್ಲಿಂಗ್ ಆದ ಮೇಲೂ ಜೋಡಿ ಪೀಕ್ ಬಂದೇ ಬರುತ್ತದೆ. ಆಗ ಇದೇ 80 ಡಿಗ್ರಿಯ ಅಳತೆ ಮಾಡಿ. ಕೂಡಿದ್ದು ರೋಟಮರ್. ಕೂಡದೆ ಉಳಿದ ಜೋಡಿ ಇದ್ದರೆ ಎಪಿಮರೈಸೇಷನ್ (ಒಂದು ಕೈರಲ್ ಕೇಂದ್ರ ತಿರುಗಿದ್ದು) ಅನುಮಾನಿಸಿ, ಕೈರಲ್ ಎಚ್‌ಪಿಎಲ್‌ಸಿಗೆ ಕಳಿಸಿ.

ಸಾವಯವಿ

ಹಾಗೇ ಮಾಡುತ್ತೇನೆ ಮೇಡಂ. ಕಪ್ಲಿಂಗ್ ಆದ ಮೇಲಿನ ಸ್ಪೆಕ್ಟ್ರಮ್ ಬಂದಾಗ ಇಲ್ಲೇ ಹಾಕುತ್ತೇನೆ.